ಮನೆಯ ಸಿಸಿಟಿವಿ ಮತ್ತು ಹಿತ್ತಿಲಿಗೆ ಬರುವ ಕಾಡುಪ್ರಾಣಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಮನೆಗೆ ಸಿಸಿಟಿವಿ ಹಾಕಿಸುವವರು ಹೆಚ್ಚಾದಂತೆ, ಬೆಳಿಗ್ಗೆ ಮೊಬೈಲ್ ತೆರೆದಾಗ ಕಳ್ಳನ ಬದಲು ಮುಳ್ಳುಹಂದಿಯೋ ಕಬ್ಬೆಕ್ಕೋ ಕೆಲವೊಮ್ಮೆ ಚಿರತೆಯೋ ಅಂಗಳ ದಾಟಿದ್ದನ್ನು ಕಂಡು ಬೆರಗಾಗುವವರೂ ಹೆಚ್ಚಾಗಿದ್ದಾರೆ. ಪದವು, ಹಾಡಿ, ತೋಡು, ತೋಟಗಳ ನಡುವೆ ಬಿಡಿಬಿಡಿಯಾಗಿ ಮನೆ ಕಟ್ಟಿಕೊಂಡಿರುವ ನಮ್ಮ ಊರುಗಳಲ್ಲಿ ಇದು ಹೊಸ ಸಂಗತಿಯಲ್ಲ; ಪ್ರಾಣಿಗಳು ಮೊದಲೂ ಬರುತ್ತಿದ್ದವು, ನಾವು ನಿದ್ರೆಯಲ್ಲಿರುತ್ತಿದ್ದೆವು. ಮಂಗಳೂರು, ಉಡುಪಿ, ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆಯ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಕಳ್ಳರಿಗಾಗಿ ಹಾಕಿಸಿದ ಕ್ಯಾಮೆರಾವೇ ಪ್ರಾಣಿಗಳನ್ನು ನೋಡಲು ಸಾಕಾಗುತ್ತದೆಯೇ?

ಅಂಗಳಕ್ಕೆ ಏನೋ ಬಂದಿತ್ತು ಎಂಬುದನ್ನು ತಿಳಿಯಲು ಸಾಕು. ಬಂದದ್ದು ಏನು ಎಂಬುದನ್ನು ತಿಳಿಯಲು ಬಹಳ ಸಲ ಸಾಕಾಗುವುದಿಲ್ಲ. ಭದ್ರತೆಯ ಕ್ಯಾಮೆರಾವನ್ನು ಕೈಗೆ ಸಿಗದಂತೆ ಒಂಬತ್ತು-ಹತ್ತು ಅಡಿ ಎತ್ತರದಲ್ಲಿ, ಮನುಷ್ಯನ ಮುಖ ಮತ್ತು ಗೇಟು ಕಾಣುವಂತೆ ಕೂರಿಸುತ್ತಾರೆ. ಅಷ್ಟು ಎತ್ತರದಿಂದ ನೋಡಿದಾಗ ಕಬ್ಬೆಕ್ಕಿನ ಬೆನ್ನು ಮಾತ್ರ ಕಾಣುತ್ತದೆ, ಕಾಲಿನ ಉದ್ದ, ಹೊಟ್ಟೆಯ ಪಕ್ಕದ ಚುಕ್ಕೆ, ಬಾಲದ ಪಟ್ಟೆ ಇವೊಂದೂ ಕಾಣುವುದಿಲ್ಲ. ಜೊತೆಗೆ ಹೆಚ್ಚಿನ ಮನೆಗಳಲ್ಲಿ ಬಳಸುವ 2.8 ಮಿಲಿಮೀಟರ್ ಲೆನ್ಸ್ ಇಡೀ ಅಂಗಳವನ್ನು ಒಂದೇ ನೋಟದಲ್ಲಿ ತೋರಿಸುವುದರಿಂದ ನಲವತ್ತು ಅಡಿ ದೂರದ ಪ್ರಾಣಿ ಒಂದು ಬಿಳಿ ಚುಕ್ಕೆಯಾಗಿಬಿಡುತ್ತದೆ.

ಪ್ರಾಣಿಗಳನ್ನೇ ನೋಡುವ ಉದ್ದೇಶವಿದ್ದರೆ ಇನ್ನೊಂದು ಕ್ಯಾಮೆರಾವನ್ನು ಮೊಣಕಾಲಿನ ಎತ್ತರದಲ್ಲಿ, ಅಂದರೆ ನೆಲದಿಂದ ಒಂದೂವರೆ ಅಡಿಯಷ್ಟು ಮೇಲೆ, ಪ್ರಾಣಿ ನಡೆಯುವ ದಾರಿಗೆ ಸ್ವಲ್ಪ ಓರೆಯಾಗಿ ಇಡಬೇಕು. ದಾರಿ ಯಾವುದೆಂದು ಹುಡುಕುವುದು ಕಷ್ಟವಲ್ಲ: ದರೆ ಇಳಿಯುವ ಸವೆದ ಜಾಗ, ಬೇಲಿಯ ಕೆಳಗಿನ ಸಂದು, ತೋಡಿನ ಬದಿ, ಗದ್ದೆಯ ಕಟ್ಟಪುಣಿ. ನಮಗೆ ಯಾವುದು ಸುಲಭದ ದಾರಿಯೋ ಅವಕ್ಕೂ ಅದೇ ಸುಲಭ. ಭದ್ರತೆಯ ಕ್ಯಾಮೆರಾವನ್ನು ಮಾತ್ರ ಇದಕ್ಕಾಗಿ ಕೆಳಗಿಳಿಸಬಾರದು. ಎರಡು ಕೆಲಸಗಳನ್ನು ಒಂದೇ ಕ್ಯಾಮೆರಾದಿಂದ ಮಾಡಿಸಹೊರಟರೆ ಎರಡೂ ಅರ್ಧಂಬರ್ಧ ಆಗುತ್ತವೆ.

ಟ್ರೇಲ್ ಕ್ಯಾಮೆರಾ ಅಥವಾ ಕ್ಯಾಮೆರಾ ಟ್ರ್ಯಾಪ್ ಎಂದರೇನು? ಅದು ಬೇಕೇ?

ಇದು ವಿದ್ಯುತ್ ಸಂಪರ್ಕವಾಗಲಿ ವೈ-ಫೈ ಆಗಲಿ ಇಲ್ಲದೆ, ಬ್ಯಾಟರಿಯ ಬಲದಿಂದ ತಿಂಗಳುಗಟ್ಟಲೆ ಕಾದು ಕೂರುವ ಕ್ಯಾಮೆರಾ. ಎದುರಿನಲ್ಲಿ ಬಿಸಿ ಮೈಯ ಪ್ರಾಣಿ ಚಲಿಸಿದಾಗ ಅದರೊಳಗಿನ ಶಾಖ ಗ್ರಹಿಸುವ ಸೆನ್ಸರ್ ಎಚ್ಚರಗೊಂಡು ಚಿತ್ರ ಅಥವಾ ವಿಡಿಯೊ ತೆಗೆಯುತ್ತದೆ. ಸಿಸಿಟಿವಿಯಂತೆ ಇಡೀ ರಾತ್ರಿಯನ್ನು ದಾಖಲಿಸುವುದಿಲ್ಲವಾದ್ದರಿಂದ ನೋಡುವ ಶ್ರಮವೂ ಕಡಿಮೆ. ಪುತ್ತೂರಿನಲ್ಲಿ ಹುಟ್ಟಿದ ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಲು ಬಳಸಿದ್ದು ಕ್ಯಾಮೆರಾ ಟ್ರ್ಯಾಪ್‌ಗಳನ್ನೇ. ಒಂದೊಂದು ಹುಲಿಯ ಪಟ್ಟೆಯೂ ಬೇರೆ, ಅದರ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿಲ್ಲ. ಆದ್ದರಿಂದ ಅಲ್ಲಿ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. ಚಿರತೆಯ ಹೂಗುರುತುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನಿಮ್ಮ ತೋಟಕ್ಕೆ ಬರುವುದು ಒಂದೇ ಚಿರತೆಯೋ ಎರಡೋ ಎಂಬ ಚರ್ಚೆ ಮನೆಯಲ್ಲಿ ಎದ್ದರೆ, ಒಂದೇ ಬದಿಯ ಚಿತ್ರಗಳನ್ನು ಹೋಲಿಸಿ ನೋಡಬೇಕು.

ಮನೆಯಿಂದ ದೂರದ ತೋಟ, ಪಂಪ್‌ಶೆಡ್ಡು, ಗೇರು ಹಾಡಿ ಇರುವವರಿಗೆ ಇದು ಉಪಯುಕ್ತ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಇರುವವರಿಗೆ ಅಗತ್ಯವಿಲ್ಲ.

ಮೊಬೈಲಿಗೆ ರಾತ್ರಿಯಿಡೀ ಎಚ್ಚರಿಕೆ ಬರುತ್ತದೆ, ತೆರೆದರೆ ಏನೂ ಇರುವುದಿಲ್ಲ. ಏಕೆ?

ಹತ್ತರಲ್ಲಿ ಎಂಟು ಸಲ ಕಾರಣ ಜೇಡ. ಕ್ಯಾಮೆರಾದ ಅವಗೆಂಪು (ಇನ್ಫ್ರಾರೆಡ್) ದೀಪ ನಮ್ಮ ಕಣ್ಣಿಗೆ ಬಹುಮಟ್ಟಿಗೆ ಕಾಣದಿದ್ದರೂ ಅದರ ಬಳಿ ಹುಳುಹುಪ್ಪಟೆ ಸುಳಿಯುತ್ತಿರುತ್ತವೆ, ಹುಳು ಸುಳಿಯುವಲ್ಲಿ ಜೇಡ ಬಲೆ ಕಟ್ಟುತ್ತದೆ, ಬಲೆಯ ಒಂದು ಎಳೆ ಗಾಳಿಗೆ ಅಲುಗಿದರೂ ಲೆನ್ಸಿನ ಮುಂದೆ ಬಿಳಿ ಹಗ್ಗ ಬೀಸಿದಂತೆ ಕಾಣುತ್ತದೆ. ವಾರಕ್ಕೊಮ್ಮೆ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರೆಸುವುದಕ್ಕಿಂತ ಉತ್ತಮ ಪರಿಹಾರ ಬೇರಿಲ್ಲ.

ಎರಡನೆಯ ಕಾರಣ ಚಿತ್ರದ ಅಂಚಿನಲ್ಲಿ ಅಲುಗಾಡುವ ಬಾಳೆ ಎಲೆ, ತೆಂಗಿನ ಮಡಲು. ಅಡಿಕೆ ಮರಕ್ಕೆ ಕ್ಯಾಮೆರಾ ಕಟ್ಟಿದರಂತೂ ಮರವೇ ತೂಗುವುದರಿಂದ ಜಗತ್ತೆಲ್ಲ ಚಲಿಸಿದಂತೆ ಅದಕ್ಕೆ ತೋರುತ್ತದೆ; ಹಲಸು, ಮಾವು ಅಥವಾ ನೆಟ್ಟ ಕಲ್ಲುಕಂಬವನ್ನು ಆರಿಸಿಕೊಳ್ಳಬೇಕು. ಆ್ಯಪ್‌ನಲ್ಲಿ ಎಚ್ಚರಿಕೆಯ ವಲಯವನ್ನು ಗುರುತಿಸುವ ಅವಕಾಶವಿದ್ದರೆ ಮರಗಿಡಗಳನ್ನು ಹೊರಗಿಟ್ಟು ನೆಲದ ಭಾಗವನ್ನು ಮಾತ್ರ ಒಳಗೊಳ್ಳುವಂತೆ ಗೆರೆ ಎಳೆಯಬಹುದು. ‘ಮನುಷ್ಯರು ಮಾತ್ರ’ ಎಂಬ ಆಯ್ಕೆಯನ್ನು ಒತ್ತಿದರೆ ಕಾಟ ತಪ್ಪುತ್ತದೆ, ಆದರೆ ಪ್ರಾಣಿಗಳ ಎಚ್ಚರಿಕೆಯೂ ತಪ್ಪುತ್ತದೆ ಎಂಬುದು ನೆನಪಿರಲಿ.

ಅಂಗಳದಲ್ಲಿ ಹಾವು ಹರಿದ ಗುರುತು ಇದೆ, ಕ್ಯಾಮೆರಾದಲ್ಲಿ ಮಾತ್ರ ಇಲ್ಲ. ಹೇಗೆ?

ಟ್ರೇಲ್ ಕ್ಯಾಮೆರಾದ ಶಾಖದ ಸೆನ್ಸರ್ ಹಿನ್ನೆಲೆಗಿಂತ ಬೇರೆಯಾದ ಶಾಖ ಚಲಿಸುವುದನ್ನು ಗುರುತಿಸುತ್ತದೆ. ಹಾವಿನ ಮೈ ಸುತ್ತಲಿನ ನೆಲದಷ್ಟೇ ಬೆಚ್ಚಗಿರುವುದರಿಂದ ಕಾಳಿಂಗ ಸರ್ಪವೇ ಹರಿದು ಹೋದರೂ ಆ ಸೆನ್ಸರಿಗೆ ಏನೂ ನಡೆದಂತೆ ತೋರದಿರಬಹುದು. ಉಡದ ವಿಷಯದಲ್ಲಿಯೂ ಹಾಗೆಯೇ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ನೆಲ ಕಾದು ಪ್ರಾಣಿಯ ಮೈಬಿಸಿಗೆ ಸಮನಾದಾಗ ಮುಂಗುಸಿ, ನಾಯಿಗಳನ್ನು ಸಹ ಇಂಥ ಕ್ಯಾಮೆರಾ ಗುರುತಿಸದೆ ಬಿಡುವುದುಂಟು. ಚಿತ್ರದಲ್ಲಿ ಆಗುವ ಬದಲಾವಣೆಯನ್ನು ಗಮನಿಸುವ ಸಾಮಾನ್ಯ ಸಿಸಿಟಿವಿ, ಅದರಲ್ಲಿಯೂ ದಿನವಿಡೀ ದಾಖಲಿಸುವಂಥದ್ದು, ಈ ಕೆಲಸಕ್ಕೆ ವಾಸಿ. ಆದರೆ ಕ್ಯಾಮೆರಾದಲ್ಲಿ ಹಾವು ಕಾಣಲಿಲ್ಲ ಎಂಬ ಧೈರ್ಯದಿಂದ ಟಾರ್ಚ್ ಇಲ್ಲದೆ ಹಟ್ಟಿಗೆ ಹೋಗುವುದು ಸರಿಯಲ್ಲ.

ಕಂಡದ್ದು ಚಿರತೆಯೋ, ಕಾಡುಬೆಕ್ಕೋ, ಕಬ್ಬೆಕ್ಕೋ? ಗುರುತಿಸುವುದು ಹೇಗೆ?

ಚಿರತೆ ಬಂತೆಂದು ಊರಿನಲ್ಲಿ ಹಬ್ಬುವ ಸುದ್ದಿಗಳಲ್ಲಿ ಒಂದು ಪಾಲು ಹುಟ್ಟುವುದು ಗಾತ್ರದ ತಪ್ಪು ಅಂದಾಜಿನಿಂದ. ರಾತ್ರಿಯ ಕಪ್ಪು-ಬಿಳುಪು ಚಿತ್ರದಲ್ಲಿ ಲೆನ್ಸಿಗೆ ಹತ್ತಿರ ಬಂದ ಮನೆಬೆಕ್ಕು ಸಹ ಹೆದರಿಸುವಷ್ಟು ದೊಡ್ಡದಾಗಿ ಕಾಣಬಲ್ಲುದು. ಇದಕ್ಕೆ ಸರಳ ಉಪಾಯವೊಂದಿದೆ. ಹಗಲಿನಲ್ಲಿ, ಆ ಪ್ರಾಣಿ ನಿಂತಿದ್ದ ಜಾಗದಲ್ಲಿಯೇ, ಹತ್ತು ಸೆಂಟಿಮೀಟರಿಗೊಂದು ಗುರುತು ಹಾಕಿದ ಕೋಲನ್ನು ನೆಟ್ಟಗೆ ಹಿಡಿದು ಅದೇ ಕ್ಯಾಮೆರಾದಿಂದ ಚಿತ್ರ ತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬೆಳೆದ ಚಿರತೆಯ ಭುಜ ನೆಲದಿಂದ ಸುಮಾರು 60ರಿಂದ 70 ಸೆಂಟಿಮೀಟರ್ ಎತ್ತರವಿರುತ್ತದೆ, ಕಾಡುಬೆಕ್ಕು 40ರ ಆಸುಪಾಸು, ಮನೆಬೆಕ್ಕು 25ರಷ್ಟು. ಬಾಯಿಮಾತಿನ ವಾದಕ್ಕಿಂತ ಈ ಕೋಲು ಬೇಗ ತೀರ್ಪು ಕೊಡುತ್ತದೆ.

ಗಾತ್ರದ ನಂತರ ಬಾಲವನ್ನು ನೋಡಬೇಕು. ಚಿರತೆಯ ಬಾಲ ಉದ್ದ, ದಪ್ಪ, ನಡೆಯುವಾಗ ತುದಿ ಮೇಲಕ್ಕೆ ಬಾಗಿರುತ್ತದೆ. ಕಾಡುಬೆಕ್ಕಿನ ಕಾಲು ಉದ್ದ, ಬಾಲ ಗಿಡ್ಡ, ತುದಿಯಲ್ಲಿ ಕಪ್ಪು ಬಳೆಗಳಿರುತ್ತವೆ, ಮೈಮೇಲೆ ಚುಕ್ಕೆ ಇರುವುದಿಲ್ಲ. ಮನೆಬೆಕ್ಕಿನಷ್ಟೇ ದೊಡ್ಡದಾಗಿದ್ದು ಮೈತುಂಬ ಚುಕ್ಕೆಯಿರುವ ಚಿರತೆಬೆಕ್ಕನ್ನು ಚಿರತೆಯ ಮರಿಯೆಂದು ತಿಳಿದು ಗಾಬರಿಗೊಳ್ಳುವುದು ಸಾಮಾನ್ಯ. ಕಬ್ಬೆಕ್ಕು ಗಿಡ್ಡ ಕಾಲಿನ, ಮೈಯಷ್ಟೇ ಉದ್ದದ ಕಪ್ಪು ಬಾಲದ, ಮುಖಕ್ಕೆ ಮಸಿ ಬಳಿದಂತಿರುವ ಪ್ರಾಣಿ. ಮರ, ಗೋಡೆ, ಮಾಡು ಎಲ್ಲ ಹತ್ತುತ್ತದೆ. ಅದರ ದಾಯಾದಿಯಾದ ಪುನುಗುಬೆಕ್ಕು ಹೆಚ್ಚಾಗಿ ನೆಲದಲ್ಲಿಯೇ ಓಡಾಡುತ್ತದೆ, ಪಕ್ಕೆಯಲ್ಲಿ ಸಾಲುಸಾಲು ಚುಕ್ಕೆ, ಬಾಲದಲ್ಲಿ ಬಳೆಬಳೆ ಪಟ್ಟೆ. ನರಿಗೆ, ತುಳುವಿನವರ ಕುದ್ಕೆಗೆ, ಪೊದೆಯಂಥ ಬಾಲ ಕೆಳಗೆ ಇಳಿಬಿದ್ದಿರುತ್ತದೆ. ಬಾಲ ಸುರುಳಿಯಾಗಿ ಮೇಲೆದ್ದಿದ್ದರೆ ಅದು ನಾಯಿಯೇ ಸರಿ.

ಕಪ್ಪು ಚಿರತೆಯ ಬಗ್ಗೆ ಒಂದು ಮಾತು. ಹಗಲಿನಲ್ಲಿ ಇಡೀ ಕಪ್ಪಾಗಿ ಕಾಣುವ ಇದರ ಮೈಮೇಲೆ ಅವಗೆಂಪು ಬೆಳಕು ಬಿದ್ದಾಗ ಒಳಗಿನ ಹೂಗುರುತುಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಆದ್ದರಿಂದ ರಾತ್ರಿಯ ಚಿತ್ರವೊಂದನ್ನೇ ನಂಬಿ ಬಣ್ಣದ ಬಗ್ಗೆ ವಾದಿಸುವುದು ವ್ಯರ್ಥ. ಹೊಳೆಯುವ ಕಣ್ಣುಗಳಿಂದಲೂ ಏನನ್ನೂ ನಿರ್ಧರಿಸಲಾಗದು. ಬೆಕ್ಕು, ನಾಯಿ, ದನ, ಪುನುಗು ಎಲ್ಲವುಗಳ ಕಣ್ಣೂ ಹೊಳೆಯುತ್ತವೆ.

ಚಿರತೆಯೇ ಎಂದು ಖಚಿತವಾಯಿತು. ಮುಂದೇನು ಮಾಡಬೇಕು?

ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ, ದಿನಾಂಕ ಮತ್ತು ಸಮಯ ಕಾಣುವ ಮೂಲ ವಿಡಿಯೊವನ್ನು ಕೊಡಬೇಕು. ಮನುಷ್ಯರ ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಬೇಕು. ರಾತ್ರಿ ಎರಡು ಗಂಟೆಗೆ ಅಂಗಳ ದಾಟಿ ಹೋದ ಚಿರತೆ ಬೆಳಿಗ್ಗೆ ಅಲ್ಲಿಯೇ ಕುಳಿತಿರುವುದಿಲ್ಲ. ದೊಣ್ಣೆ, ಪಟಾಕಿ ಹಿಡಿದು ಹಾಡಿ ನುಗ್ಗುವ ಗುಂಪೇ ಹೆಚ್ಚಿನ ಅಪಾಯವನ್ನು ತರುತ್ತದೆ, ಏಕೆಂದರೆ ಮೂಲೆಗೆ ಸಿಕ್ಕಿದ ಚಿರತೆಗೆ ಮೈಮೇಲೆ ಬೀಳದೆ ಬೇರೆ ದಾರಿ ಇರುವುದಿಲ್ಲ.

ಅದು ಏಕೆ ಬಂತೆಂದು ಆಮೇಲೆ ವಿಡಿಯೊದಲ್ಲಿಯೇ ಹುಡುಕಬೇಕು. ನಮ್ಮ ಕಡೆ ಉತ್ತರ ಬಹಳ ಸಲ ನಾಯಿ. ರಾತ್ರಿ ಹೊರಗೆ ಕಟ್ಟಿಹಾಕಿದ ನಾಯಿ ಓಡಿಹೋಗಲಾರದ ಊಟ. ಕೋಳಿ ಅಂಗಡಿಯ ತ್ಯಾಜ್ಯವನ್ನು ರಸ್ತೆಬದಿಗೆ ಸುರಿಯುವಲ್ಲಿ ಬೀದಿನಾಯಿ ಸೇರುತ್ತವೆ, ನಾಯಿ ಸೇರುವಲ್ಲಿಗೆ ಚಿರತೆ ಬರುತ್ತದೆ. ಸಾಕುನಾಯಿಯನ್ನು ಸೂರ್ಯಾಸ್ತದ ನಂತರ ಒಳಗೆ ಅಥವಾ ಮೇಲ್ಭಾಗವೂ ಮುಚ್ಚಿದ ಗೂಡಿನಲ್ಲಿ ಇಡಬೇಕು, ಕೋಳಿಗೂಡು ಮತ್ತು ಹಟ್ಟಿಯ ಬಾಗಿಲು ಭದ್ರವಾಗಿರಬೇಕು, ಮಕ್ಕಳು ಮುಸ್ಸಂಜೆಯಲ್ಲಿ ಒಂಟಿಯಾಗಿ ತೋಟಕ್ಕೆ ಹೋಗದಂತೆ ನೋಡಿಕೊಳ್ಳಬೇಕು. ಕಟ್ಟೆಯಿಲ್ಲದ ಬಾವಿಗೆ ಕಟ್ಟೆ ಕಟ್ಟಿಸಿ ಬಲೆ ಹಾಕಿಸುವುದು ಇನ್ನೊಂದು ತುರ್ತಿನ ಕೆಲಸ. ನಾಯಿಯನ್ನೋ ಕೋಳಿಯನ್ನೋ ಬೆನ್ನಟ್ಟಿ ಬಂದ ಚಿರತೆ ಬಾವಿಗೆ ಬೀಳುವುದು ಈ ಎರಡೂ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಬಿದ್ದದ್ದು ಕಂಡರೆ ಜನರನ್ನು ದೂರವಿಟ್ಟು ಇಲಾಖೆಯವರಿಗಾಗಿ ಕಾಯಬೇಕು.

ಬೋನು ಇಟ್ಟು ಹಿಡಿದುಕೊಂಡು ಹೋಗಿ ಎಂದು ಕೇಳಬಹುದಲ್ಲವೇ?

ಕೇಳಬಹುದು, ಆದರೆ ಬೋನು ಇಡುವ ತೀರ್ಮಾನ ಇಲಾಖೆಯದು. ಚಿರತೆ ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿ. ಖಾಸಗಿಯಾಗಿ ಬೋನು ಇಡುವುದು ಅಪರಾಧ. ಒಮ್ಮೆ ಕಂಡಿತೆಂಬ ಮಾತ್ರಕ್ಕೆ ಹಿಡಿದು ಸಾಗಿಸುವುದರಿಂದ ಸಮಸ್ಯೆ ತೀರುತ್ತದೆ ಎಂಬ ಭರವಸೆಯೂ ಇಲ್ಲ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ 2001ರಿಂದ 2003ರವರೆಗೆ ಬಹಳಷ್ಟು ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟ ಅವಧಿಯಲ್ಲಿ ಮನುಷ್ಯರ ಮೇಲಿನ ದಾಳಿಗಳು ತಗ್ಗುವ ಬದಲು ಹೆಚ್ಚಿದವೆಂದು ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಅವರ ಜೊತೆಗಾರರ ಅಧ್ಯಯನ ತೋರಿಸಿದೆ. ಪರಿಚಿತ ನೆಲವನ್ನು ಕಳೆದುಕೊಂಡ ಪ್ರಾಣಿ ಗೊತ್ತಿಲ್ಲದ ಊರಿನಲ್ಲಿ ಅಲೆಯುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ಮನುಷ್ಯರಿಗೆ ಗಾಯವಾಗಿದ್ದರೆ ಮಾತು ಬೇರೆ, ಅಲ್ಲಿ ವಿಳಂಬಕ್ಕೆ ಅವಕಾಶವಿಲ್ಲ.

ವಿಡಿಯೊವನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಹುದೇ?

ಅಕ್ಕಪಕ್ಕದ ಮನೆಯವರಿಗೆ ತಿಳಿಸುವುದು ಕರ್ತವ್ಯ. ಫೋನ್ ಮಾಡಿ ಹೇಳಿದರೆ ಸಾಕು. ಗುಂಪಿಗೆ ಹಾಕಿದ ವಿಡಿಯೊ ಸಂಜೆಯೊಳಗೆ ಬೇರೆ ಊರಿನ ಹೆಸರು ಹೊತ್ತು ಮರಳಿ ನಿಮಗೇ ಬರುತ್ತದೆ. ಯಾವುದೋ ಜಿಲ್ಲೆಯ, ಯಾವುದೋ ವರ್ಷದ ಚಿರತೆ ಮಣಿಪಾಲದಲ್ಲಿ ‘ಈಗಷ್ಟೇ’ ಕಂಡದ್ದಾಗಿ ಹರಿದಾಡುವುದು ಹೀಗೆಯೇ. ಹಾಕಲೇಬೇಕೆಂದಿದ್ದರೆ ದಿನಾಂಕ, ಸಮಯ, ಗ್ರಾಮದ ಹೆಸರು ವಿಡಿಯೊದ ಮೇಲೆಯೇ ಇರಲಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಕರೆಂಟು ಹೋಗಿ ಬಂದಾಗ ಕೆಲವು ಕ್ಯಾಮೆರಾಗಳ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕುಳಿತುಬಿಡುತ್ತದೆ.

ಚಿಪ್ಪುಹಂದಿ, ಕಾಡುಪಾಪ, ಕಾಳಿಂಗ ಸರ್ಪದ ಗೂಡು, ಗೂಬೆಯ ಪೊಟರೆ ಇವು ಕಂಡರೆ ಮಾತ್ರ ಜಾಗವನ್ನು ಯಾರಿಗೂ ಬಹಿರಂಗಪಡಿಸಬಾರದು. ಚಿಪ್ಪುಹಂದಿಯನ್ನು ಚಿಪ್ಪಿಗಾಗಿ ಹಿಡಿದು ಕಳ್ಳಸಾಗಣೆ ಮಾಡುವ ಜಾಲಗಳಿವೆ, ಗೂಬೆ ಮತ್ತು ಕಾಡುಪಾಪಗಳನ್ನು ಮಾಟದ ಹೆಸರಿನಲ್ಲಿ ಕೊಳ್ಳುವವರಿದ್ದಾರೆ. ಮೊಬೈಲಿನಿಂದ ತೆಗೆದ ಚಿತ್ರದೊಳಗೆ ಜಿಪಿಎಸ್ ವಿವರ ಅಡಗಿರಬಹುದು ಎಂಬುದನ್ನೂ ಮರೆಯಬಾರದು.

ಪ್ರಾಣಿಗಳು ಬರಲೆಂದು ಆಹಾರ ಇಡಬಹುದೇ?

ಬೇಡ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ವ್ಯಾಖ್ಯೆಯಲ್ಲಿ ‘ಬೇಟೆ’ ಎಂಬುದು ಕೊಲ್ಲುವುದಕ್ಕಷ್ಟೇ ಸೀಮಿತವಲ್ಲ. ಹಿಡಿಯುವುದು, ಉರುಳು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು ಸಹ ಅದರಲ್ಲಿ ಸೇರಿವೆ. ಕಾನೂನನ್ನು ಬದಿಗಿಟ್ಟು ನೋಡಿದರೂ, ಚಿತ್ರಕ್ಕಾಗಿ ಇಟ್ಟ ಕೋಳಿಯ ಕರುಳು ಮೊದಲು ಕರೆಯುವುದು ಬೀದಿನಾಯಿಗಳನ್ನು, ಆಮೇಲೆ ಯಾರನ್ನು ಎಂಬುದು ಮೇಲೆ ಹೇಳಿದ ಉತ್ತರದಲ್ಲಿದೆ. ಬಾಳೆಹಣ್ಣಿನ ರುಚಿ ಕಂಡ ಮಂಗಗಳು ಅಡುಗೆಮನೆಯ ಕಿಟಕಿಯನ್ನು ಬಿಡುವುದಿಲ್ಲ.

ಬೇಸಿಗೆಯಲ್ಲಿ ಮಣ್ಣಿನ ಅಗಲ ಪಾತ್ರೆಯಲ್ಲಿ ಹಕ್ಕಿಗಳಿಗೆ ನೀರು ಇಡುವುದಕ್ಕೆ ಈ ಆಕ್ಷೇಪ ಅನ್ವಯಿಸುವುದಿಲ್ಲ. ದಿನವೂ ನೀರು ಬದಲಿಸಬೇಕು, ಇಲ್ಲವಾದರೆ ಸೊಳ್ಳೆಯ ಕಾರ್ಖಾನೆಯಾಗುತ್ತದೆ. ಡೆಂಗಿ ಮತ್ತು ಮಲೇರಿಯಾ ಎರಡನ್ನೂ ಕಂಡಿರುವ ಮಂಗಳೂರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇನ್ನು ಹಲಸಿನ ಹಣ್ಣು ಮರದಲ್ಲಿಯೇ ಬಿರಿದು ಬೀಳುವ ಮೇ-ಜೂನ್ ತಿಂಗಳಲ್ಲಿ ಮರದ ಬುಡಕ್ಕೆ ಕ್ಯಾಮೆರಾ ತಿರುಗಿಸಿಟ್ಟರೆ ಯಾವ ಆಮಿಷವೂ ಬೇಕಾಗುವುದಿಲ್ಲ. ಕಬ್ಬೆಕ್ಕು, ಮುಳ್ಳುಹಂದಿ, ಬಾವಲಿ ತಾವಾಗಿಯೇ ಸಾಲು ಹಚ್ಚುತ್ತವೆ.

ತೋಟದ ಬೆಳೆ ಹಾಳಾಗುತ್ತಿದೆ. ಯಾವ ಪ್ರಾಣಿ ಎಂದು ಕ್ಯಾಮೆರಾದಿಂದ ತಿಳಿಯಬಹುದೇ?

ಕ್ಯಾಮೆರಾದ ಅತ್ಯುತ್ತಮ ಉಪಯೋಗ ಬಹುಶಃ ಇದೇ, ಏಕೆಂದರೆ ನಮ್ಮಲ್ಲಿ ಎಲ್ಲ ನಷ್ಟವನ್ನೂ ಹಂದಿಯ ಇಲ್ಲವೇ ಮಂಗನ ತಲೆಗೆ ಕಟ್ಟುವ ರೂಢಿ ಇದೆ. ತೆಂಗಿನ ಸಸಿಯ ಬುಡವನ್ನು ಕಡಿದು ತಿರುಳು ತಿಂದದ್ದು ಮುಳ್ಳುಹಂದಿಯಾಗಿರಬಹುದು. ಮರಗೆಣಸಿನ ಸಾಲನ್ನು ಉತ್ತಂತೆ ಅಗೆದದ್ದು ಕಾಡುಹಂದಿಯಾಗಿರಬಹುದು. ತರಕಾರಿಯ ಎಳೆ ಸಸಿ ಬೆಳಗಿನ ಆರು ಗಂಟೆಗೆ ಮಾಯವಾದರೆ ನವಿಲಾಗಿರಬಹುದು. ಪ್ರಾಣಿ ಯಾವುದೆಂದು ತಿಳಿದರೆ ಉಪಾಯವೂ ಬೇರೆಯಾಗುತ್ತದೆ: ಮುಳ್ಳುಹಂದಿಗೆ ಸಸಿಯ ಸುತ್ತ ತಗಡಿನ ಅಥವಾ ಬಲೆಯ ಕವಚ, ಹಂದಿಗೆ ಗಟ್ಟಿ ಬುಡದ ಬೇಲಿ, ನವಿಲಿಗೆ ಮೇಲೆ ಹೊದಿಸಿದ ಬಲೆ. ಬೆಳೆನಷ್ಟದ ಪರಿಹಾರಕ್ಕೆ ಇಲಾಖೆಗೆ ಅರ್ಜಿ ಕೊಡುವವರಿಗೂ ದಿನಾಂಕವಿರುವ ಚಿತ್ರ ನೆರವಾಗುತ್ತದೆ.

ಮನೆಯ ಲೈನಿನಿಂದ ನೇರವಾಗಿ ಬೇಲಿಗೆ ವಿದ್ಯುತ್ ಹರಿಸುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಅದು ಕಾನೂನುಬಾಹಿರ. ಹಂದಿಗೆಂದು ಹಾಕಿದ ತಂತಿಯಿಂದ ಮನುಷ್ಯರೇ ಸತ್ತ ಉದಾಹರಣೆಗಳು ರಾಜ್ಯದಲ್ಲಿ ಸಾಕಷ್ಟಿವೆ.

ರಾತ್ರಿ ಮಾಡಿನ ಮೇಲೆ ಯಾರೋ ನಡೆದ ಸದ್ದು ಕೇಳುತ್ತದೆ.

ಹಂಚಿನ ಮಾಡಿನ ಹಳೆಯ ಮನೆಯಾಗಿದ್ದರೆ ಕಬ್ಬೆಕ್ಕು ಅಟ್ಟದಲ್ಲಿ ಮನೆ ಮಾಡಿದೆ ಎಂದು ತಿಳಿಯಿರಿ. ಕ್ಯಾಮೆರಾವನ್ನು ಮಾಡಿನ ಅಂಚಿಗೆ ತಿರುಗಿಸಿ ಅದು ಹೊರಡುವ ಸಂದನ್ನು ಪತ್ತೆ ಮಾಡಬೇಕು, ಮರಿಗಳಿಲ್ಲವೆಂದು ಹಲವು ರಾತ್ರಿ ನೋಡಿ ಖಚಿತಪಡಿಸಿಕೊಳ್ಳಬೇಕು, ಅದು ಹೊರಗೆ ಹೋದಾಗ ಸಂದನ್ನು ಮುಚ್ಚಬೇಕು. ಮಾಡಿಗೆ ತಾಗಿದ ಮರದ ಕೊಂಬೆಯನ್ನು ಸವರುವುದು ಒಳ್ಳೆಯದು.

ನಮ್ಮ ಮಳೆಗಾಲಕ್ಕೆ ಕ್ಯಾಮೆರಾ ತಡೆಯುತ್ತದೆಯೇ?

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಪೆಟ್ಟಿಗೆಯ ಮೇಲೆ ನೀರು, ಧೂಳು ತಡೆಯುವ ಗುರುತಾದ ಐಪಿ66 ಅಥವಾ ಐಪಿ67 ಎಂದು ಬರೆದಿರುವ ಕ್ಯಾಮೆರಾವನ್ನೇ ಕೊಳ್ಳಬೇಕು. ಆದರೆ ಆ ಗುರುತು ಕ್ಯಾಮೆರಾದ ಮೈಗೆ ಸಂಬಂಧಿಸಿದ್ದು, ಅದರ ಬಾಲಕ್ಕೆ ಅಲ್ಲ. ನೀರು ಹೊಕ್ಕು ಕ್ಯಾಮೆರಾ ಸಾಯುವುದು ಹೆಚ್ಚಾಗಿ ಹಿಂದಿನ ವಯರಿನ ಜೋಡಣೆಯಲ್ಲಿ. ಜೋಡಣೆಯನ್ನು ನೀರು ನುಸುಳದ ಪೆಟ್ಟಿಗೆಯೊಳಗೆ ಇಡಿಸಬೇಕು. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಕೆಳಮುಖವಾಗಿ ಒಂದು ಬಳಸು ಬಿಟ್ಟರೆ ವಯರಿನ ಮೇಲೆ ಹರಿದುಬಂದ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಕೆಂಪುಕಲ್ಲಿನ ಗೋಡೆಗೆ ನೇರವಾಗಿ ಹೊಡೆದ ಸ್ಕ್ರೂ ಎರಡು ಮಳೆಗಾಲದಲ್ಲಿ ಸಡಿಲವಾಗುತ್ತದೆ, ಉದ್ದದ ಪ್ಲಗ್ ಹಾಕಿಸಬೇಕು. ಮಲ್ಪೆ, ಸುರತ್ಕಲ್, ಉಳ್ಳಾಲದಂಥ ಕಡಲಬದಿಯವರು ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂವನ್ನೇ ಕೇಳಿ ಪಡೆಯಬೇಕು, ಉಪ್ಪುಗಾಳಿಗೆ ಸಾಮಾನ್ಯ ಕಬ್ಬಿಣ ಉಳಿಯುವುದಿಲ್ಲ. ಮಾಡಿನ ಇಳಿಜಾರಿನ ಕೆಳಗೆ ಜಾಗ ಸಿಕ್ಕರೆ ಅದಕ್ಕಿಂತ ಉತ್ತಮ ಕವಚವಿಲ್ಲ. ತೋಟದಲ್ಲಿ ಇಡುವ ಟ್ರೇಲ್ ಕ್ಯಾಮೆರಾದೊಳಗೆ ಸಿಲಿಕಾ ಜೆಲ್‌ನ ಚಿಕ್ಕ ಪೊಟ್ಟಣವಿರಲಿ.

ಸಿಡಿಲಿನಿಂದ ಆಗುವ ನಷ್ಟ ಮಳೆಯದಕ್ಕಿಂತ ದೊಡ್ಡದು. ಏಪ್ರಿಲ್-ಮೇ ಮತ್ತು ಅಕ್ಟೋಬರ್ ತಿಂಗಳ ಸಂಜೆಯ ಗುಡುಗುಮಳೆಯಲ್ಲಿ, ಮನೆಯಿಂದ ಹಟ್ಟಿಗೋ ಗೇಟಿಗೋ ಎಳೆದ ಉದ್ದದ ತಾಮ್ರದ ಕೇಬಲ್ ಮೂಲಕ ಬಂದ ವಿದ್ಯುತ್ ಏರಿಳಿತ ಕ್ಯಾಮೆರಾದ ಜೊತೆಗೆ ರೆಕಾರ್ಡರ್, ರೂಟರ್ ಎಲ್ಲವನ್ನೂ ಸುಡಬಲ್ಲುದು. ಸರಿಯಾದ ಅರ್ತಿಂಗ್ ಮತ್ತು ಸರ್ಜ್ ರಕ್ಷಕ ಬೇಕು. ಗುಡುಗು ದೂರದಲ್ಲಿ ಕೇಳಿಸುತ್ತಿರುವಾಗಲೇ ಪ್ಲಗ್ ಕೀಳುವುದು ಈಗಲೂ ಖಾತ್ರಿಯ ಉಪಾಯ. ಮೆಸ್ಕಾಂ ಕರೆಂಟು ಹೋದಾಗ ರೂಟರಿಗೂ ರೆಕಾರ್ಡರಿಗೂ ಬ್ಯಾಟರಿ ಬೆಂಬಲ ಇಲ್ಲದಿದ್ದರೆ, ಕತ್ತಲಾದ ಕ್ಷಣದಲ್ಲಿಯೇ ಕಣ್ಣೂ ಮುಚ್ಚಿದಂತಾಗುತ್ತದೆ. ಸೌರಫಲಕದ ಕ್ಯಾಮೆರಾ ಮಾರುವವರು ಹೇಳದೆ ಬಿಡುವ ಸಂಗತಿ ಒಂದಿದೆ: ಜೂನ್‌ನಿಂದ ಆಗಸ್ಟ್‌ವರೆಗೆ ದಟ್ಟ ಮೋಡದಡಿ, ಅದರಲ್ಲಿಯೂ ಅಡಿಕೆ ತೋಟದ ನೆರಳಿನಲ್ಲಿ, ಅದರ ಬ್ಯಾಟರಿ ತುಂಬುವುದೇ ಇಲ್ಲ. ಆ ಮೂರು ತಿಂಗಳು ಅದನ್ನು ಇಳಿಸಿ ಒಳಗೆ ತಂದು ಚಾರ್ಜ್ ಮಾಡಲು ಸಿದ್ಧರಿರುವವರು ಮಾತ್ರ ಕೊಳ್ಳಬಹುದು.

ಎಷ್ಟು ದಿನದ ವಿಡಿಯೊ ಉಳಿಯುತ್ತದೆ?

1080ಪಿ ಗುಣಮಟ್ಟದಲ್ಲಿ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಎಡೆಬಿಡದೆ ದಾಖಲಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ನುಂಗುತ್ತದೆ. ಆ ಲೆಕ್ಕದಲ್ಲಿ 128 ಜಿಬಿ ಕಾರ್ಡಿನಲ್ಲಿ ಆರು ದಿನವೂ ತುಂಬುವುದಿಲ್ಲ. ನಾಲ್ಕು ಕ್ಯಾಮೆರಾಗಳ ಮನೆಗೆ 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ಸಾಕು. ಆಮೇಲೆ ಹಳೆಯದರ ಮೇಲೆ ಹೊಸದು ಬೀಳುತ್ತದೆ. ಬೇಕಾದ ದೃಶ್ಯವನ್ನು ಕಂಡ ದಿನವೇ ತೆಗೆದಿಡಬೇಕು.

ನೆರೆಮನೆಯ ಅಂಗಳ ಕ್ಯಾಮೆರಾದಲ್ಲಿ ಕಾಣುತ್ತದೆ. ತೊಂದರೆಯೇ?

ಹೌದು, ಕಾನೂನಿಗಿಂತ ಮೊದಲು ನೆರೆಹೊರೆಯ ಸಂಬಂಧಕ್ಕೆ. ವೈಯಕ್ತಿಕ ಅಥವಾ ಗೃಹಬಳಕೆಯ ಉದ್ದೇಶಕ್ಕಾಗಿ ವ್ಯಕ್ತಿಯೊಬ್ಬರು ಮಾಡುವ ದಾಖಲೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅನ್ವಯಿಸುವುದಿಲ್ಲ ಎಂಬುದು ನಿಜ; ಆದರೆ ಅದು ಪರವಾನಗಿ ಅಲ್ಲ. ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಡಿ ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಮಹಿಳೆಯರ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿಗೆ ಬರುತ್ತದೆ. ಹಳೆಯ ಮನೆಗಳಲ್ಲಿ ಬಚ್ಚಲುಮನೆ ಹೊರಗಿರುತ್ತದೆ, ಬಟ್ಟೆ ಒಗೆಯುವ ಕಲ್ಲು ಬಾವಿಯ ಬಳಿ ಇರುತ್ತದೆ. ಆ ಕಡೆಗೆ ಲೆನ್ಸ್ ತಿರುಗಿರಲೇಬಾರದು. ಹೆಚ್ಚಿನ ಕ್ಯಾಮೆರಾಗಳಲ್ಲಿ ಚಿತ್ರದ ಒಂದು ಭಾಗವನ್ನು ಕಪ್ಪಾಗಿಸುವ ಆಯ್ಕೆ ಇದೆ. ಅದನ್ನು ಬಳಸಿ, ಪಕ್ಕದ ಮನೆಯವರನ್ನು ಕರೆದು ತೋರಿಸಿದರೆ ಮುಂದಿನ ಮನಸ್ತಾಪ ತಪ್ಪುತ್ತದೆ.

ಕುಮ್ಕಿಯಲ್ಲಿ, ಹಾಡಿಯಲ್ಲಿ, ನಾಗಬನದ ಬಳಿ ಕ್ಯಾಮೆರಾ ಕಟ್ಟಬಹುದೇ?

ಕುಮ್ಕಿ ಜಾಗ ವರ್ಗದಾರರಿಗೆ (ಪಕ್ಕದ ಪಟ್ಟಾ ಜಮೀನಿನವರಿಗೆ) ಸೊಪ್ಪು, ಸೌದೆಯ ಸೌಲಭ್ಯವಿರುವ ಸರಕಾರಿ ಭೂಮಿ. ಅಲ್ಲಿ ಬೇರೆಯವರ ಓಡಾಟವೂ ಇರಬಹುದು. ಆದ್ದರಿಂದ ಕ್ಯಾಮೆರಾ ವರ್ಗ ಜಾಗದ ಗಡಿಯೊಳಗೆ ಇದ್ದರೆ ವಿವಾದಕ್ಕೆ ಎಡೆಯಿಲ್ಲ. ಮೀಸಲು ಅರಣ್ಯದೊಳಗೆ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಅಥವಾ ಮೂಕಾಂಬಿಕಾ ವನ್ಯಜೀವಿಧಾಮಗಳ ಒಳಗೆ ಅನುಮತಿಯಿಲ್ಲದೆ ಕಟ್ಟುವಂತಿಲ್ಲ, ನಿಮ್ಮ ಬೇಲಿಗೆ ತಾಗಿಯೇ ಅದರ ಗಡಿ ಇದ್ದರೂ ಸರಿ.

ನಾಗಬನಗಳು ಕಡಿಯದೆ ಉಳಿದ ಹಳೆಯ ಮರಗಳ ಪುಟ್ಟ ಕಾಡುಗಳಾದ್ದರಿಂದ ಪ್ರಾಣಿಪಕ್ಷಿಗಳು ಅಲ್ಲಿ ಸಹಜವಾಗಿಯೇ ಹೆಚ್ಚು. ಕುಟುಂಬದ ಹಿರಿಯರನ್ನು ಕೇಳದೆ ಬನದೊಳಗೆ ಹೋಗುವುದಾಗಲಿ ಅಲ್ಲಿನ ಮರಕ್ಕೆ ಪಟ್ಟಿ ಬಿಗಿಯುವುದಾಗಲಿ ಬೇಡ. ಬನದ ಹೊರಗಿನ ದಾರಿಯಲ್ಲಿ ಇಟ್ಟ ಕ್ಯಾಮೆರಾಗೂ ಬಂದುಹೋಗುವ ಪ್ರಾಣಿಗಳು ಸಿಗುತ್ತವೆ.

ಅಂಗಳಕ್ಕೆ ಪ್ರಖರ ದೀಪ ಹಾಕಿದರೆ ಚಿತ್ರವೂ ಚೆನ್ನಾಗಿ ಬರುತ್ತದೆ, ಪ್ರಾಣಿಯೂ ಬರುವುದಿಲ್ಲ ಅಲ್ಲವೇ?

ಮುಂಬಾಗಿಲಿನ ಬಳಿ, ಚಲನೆಗೆ ಹೊತ್ತಿಕೊಳ್ಳುವ ದೀಪ ಒಳ್ಳೆಯದೇ. ಇಡೀ ತೋಟಕ್ಕೆ ರಾತ್ರಿಯಿಡೀ ಫ್ಲಡ್‌ಲೈಟ್ ಉರಿಸಿದರೆ ಮಳೆಗೆ ಮುಂಚಿನ ದಿನಗಳ ಮಿಂಚುಹುಳುಗಳು ಅಲ್ಲಿಂದ ಕಣ್ಮರೆಯಾಗುತ್ತವೆ, ಚಿರತೆ ಮಾತ್ರ ದೀಪಕ್ಕೆ ಒಗ್ಗಿಕೊಳ್ಳುತ್ತದೆ. ಪ್ರಾಣಿಗಳನ್ನು ನೋಡುವ ಕ್ಯಾಮೆರಾಗೆ 940 ನ್ಯಾನೊಮೀಟರಿನ ಅವಗೆಂಪು ದೀಪ ಉತ್ತಮ, ಅದರ ಹೊಳಪು ಕಾಣುವುದಿಲ್ಲ; 850 ನ್ಯಾನೊಮೀಟರಿನದು ಹೆಚ್ಚು ದೂರ ಬೆಳಗುತ್ತದೆ, ಆದರೆ ಮಂದವಾದ ಕೆಂಪು ಚುಕ್ಕೆಯಾಗಿ ಕಾಣುತ್ತದೆ.

ನಮ್ಮ ಕ್ಯಾಮೆರಾವನ್ನು ಬೇರೆಯವರು ನೋಡುವ ಅಪಾಯವಿದೆಯೇ?

ಇದೆ. 2016ರಲ್ಲಿ ಜಗತ್ತಿನಾದ್ಯಂತ ಹಬ್ಬಿದ ಮಿರಾಯ್ ಎಂಬ ಕುತಂತ್ರಾಂಶ ಕ್ಯಾಮೆರಾ ಮತ್ತು ರೂಟರ್‌ಗಳನ್ನು ವಶಪಡಿಸಿಕೊಂಡದ್ದು, ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ ಎಂಬ ಒಂದೇ ಬಲದಿಂದ. ಅಳವಡಿಸಲು ಬಂದವರು ಇಟ್ಟ ಪಾಸ್‌ವರ್ಡನ್ನು ಅವರು ಗೇಟು ದಾಟುತ್ತಲೇ ಬದಲಿಸಬೇಕು, ತಂತ್ರಾಂಶದ ಪರಿಷ್ಕರಣೆಗಳನ್ನು ಹಾಕಿಕೊಳ್ಳುತ್ತಿರಬೇಕು. 2025ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರುವ ಸಿಸಿಟಿವಿಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ; ಹೆಸರಿಲ್ಲದ ಅಗ್ಗದ ಮಾಲಿನ ವಿಷಯದಲ್ಲಿ ಈ ಪ್ರಮಾಣಪತ್ರವನ್ನು ಕೇಳಿಯೇ ಕೊಳ್ಳುವುದು ಒಳಿತು. ಮಲಗುವ ಕೋಣೆಯೊಳಗೆ ಕ್ಯಾಮೆರಾ ಬೇಡವೇ ಬೇಡ.

ಉರುಳು ಹಾಕುವವರು, ಕೋವಿ ಹಿಡಿದವರು ದಾಖಲಾದರೆ?

ಅವರನ್ನು ನೀವೇ ಎದುರಿಸಬಾರದು, ಊರಿನಲ್ಲಿ ಹೇಳುತ್ತಲೂ ಹೋಗಬಾರದು. ಹಂದಿಗೆಂದು ಹಾಕಿದ ಉರುಳಿಗೆ ಚಿರತೆ ಸಿಕ್ಕಿ ನರಳಿ ಸಾಯುವುದು ನಮ್ಮ ಭಾಗದಲ್ಲಿ ಅಪರೂಪವಲ್ಲ, ಆದ್ದರಿಂದ ಮಾಹಿತಿ ಬೇಗ ತಲಪುವುದು ಮುಖ್ಯ. ಕಾರ್ಡನ್ನು ತೆಗೆದು ಹಾಗೆಯೇ ಇಡಿ, ಕತ್ತರಿಸುವುದು, ಬೆಳಕು ಹೆಚ್ಚಿಸುವುದು ಏನನ್ನೂ ಮಾಡದೆ ಇಲಾಖೆಗೆ ಕೊಡಿ. ನ್ಯಾಯಾಲಯದಲ್ಲಿ ವಿದ್ಯುನ್ಮಾನ ದಾಖಲೆಯನ್ನು ಮಂಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ; ಮೂಲ ಕಡತ ತಿದ್ದದೆ ಉಳಿದಿದ್ದರೆ ಅದು ಸುಲಭ.

ಸಂಗ್ರಹವಾದ ಚಿತ್ರಗಳಿಂದ ಯಾರಿಗಾದರೂ ಉಪಯೋಗ ಇದೆಯೇ?

ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಗಳಿಗೆ ಇಂಥ ಚಿತ್ರಗಳನ್ನು ಸೇರಿಸಬಹುದು. ಗುರುತು ಸಿಗದ ಪ್ರಾಣಿಯನ್ನು ಅಲ್ಲಿ ತಿಳಿದವರು ಹೆಸರಿಸುತ್ತಾರೆ. ಅಪಾಯದಂಚಿನಲ್ಲಿರುವ ಪ್ರಾಣಿಗಳ ನಿಖರ ಜಾಗವನ್ನು ಐನ್ಯಾಚುರಲಿಸ್ಟ್ ತಾನಾಗಿಯೇ ಮಸುಕುಗೊಳಿಸುತ್ತದೆ. ಉಳಿದವುಗಳಿಗೂ ಜಾಗವನ್ನು ಮರೆಮಾಡುವ ಆಯ್ಕೆಯನ್ನು ನೀವೇ ಒತ್ತಬಹುದು, ಮನೆಯ ಹಿತ್ತಿಲಿನ ಚಿತ್ರವಾದ್ದರಿಂದ ಒತ್ತುವುದೇ ಸರಿ. ಅಪರೂಪದ ಚಿತ್ರಗಳಷ್ಟನ್ನೇ ಸೇರಿಸಬೇಕೆಂದಿಲ್ಲ. ಒಂದೇ ತೋಟದಲ್ಲಿ ವರ್ಷವಿಡೀ ದಿನಾಂಕ ಸಹಿತ ದಾಖಲಾದ ಸಾಧಾರಣ ಮುಂಗುಸಿ, ಮುಳ್ಳುಹಂದಿ, ಕಬ್ಬೆಕ್ಕುಗಳ ಪಟ್ಟಿ, ಯಾವ ಪ್ರಾಣಿ ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ ಓಡಾಡುತ್ತದೆ ಎಂಬುದನ್ನು ಅರಿಯಲು ನೆರವಾಗುತ್ತದೆ.